ರಾಯ್ಸ್ಟನ್ ಡೌಸ್ ತನಗೆ ಓಟು ಬೇಡವೆಂದು ಹೊರಟದ್ದು

ರಾಯ್ಸ್ಟನ್ ಡೌಸ್ ಮತ್ತು ಅವನ ತಂಗಿ ಏವ್ರಿಲ್ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಆದರೂ ಆ ಒಂಬತ್ತು ವರ್ಷವೂ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರ ಪಕ್ಕ ಒಬ್ಬರು ನಿಂತು ನಮ್ಮ ಥಾರ್ಬಿ ಚರ್ಚಿನ ಗಂಟೆ ಹೊಡೆದರು.

ನಮ್ಮ ಗೋಪುರದಲ್ಲಿರುವುದು ಆರು ಗಂಟೆಗಳು. ಒಂದೊಂದಕ್ಕೂ ಒಂದು ಹಗ್ಗ, ಹಗ್ಗಕ್ಕೆ ಒಬ್ಬರು. ಎಲ್ಲರೂ ದುಂಡಗೆ ನಿಲ್ಲಬೇಕು. ಅತಿ ಸಣ್ಣದಾದ ಮೊದಲನೆಯ ಗಂಟೆ ಏವ್ರಿಲ್‌ಳದು, ಅತಿ ದೊಡ್ಡದಾದ ಆರನೆಯದು ರಾಯ್ಸ್ಟನ್‌ನದು. ದುಂಡಗೆ ನಿಂತಾಗ ಒಂದೂ ಆರೂ ಪಕ್ಕಪಕ್ಕಕ್ಕೇ ಬರುತ್ತವೆ, ಅದಕ್ಕೆ ಯಾರೇನು ಮಾಡುವುದು? ಗಂಟೆ ಒಂದರ ಹಿಂದೊಂದು ಸಾಲಾಗಿ ಕೇಳಬೇಕಾದರೆ ಕಣ್ಣು ಬೇರೆಯವರ ಕೈಯ ಮೇಲೆ ಇರಬೇಕು. ಹಾಗಾಗಿ ಅಣ್ಣ ತಂಗಿ ವಾರವಾರವೂ ಒಬ್ಬರನ್ನೊಬ್ಬರು ಚೆನ್ನಾಗಿಯೇ ನೋಡುತ್ತಿದ್ದರು. ಶುರುವಿಗೆ ಏವ್ರಿಲ್ "ನೋಡ್ಕೊಳ್ಳಿ, ಎಳೀತಿದೀನಿ" ಎಂದು ಕೂಗುವಳು. ಅವಳ ಬಾಯಿಂದ ಅಣ್ಣನ ಕಿವಿಗೆ ಬೀಳುತ್ತಿದ್ದದ್ದು ಅಷ್ಟೇ ಮಾತು. ಮೂರನೆಯ ಹಗ್ಗ ನನ್ನದು. ಊರಿನ ಅಂಗಡಿಯೂ ನನ್ನದೇ. ಆದ್ದರಿಂದ ಇದರಲ್ಲಿ ನಾನು ನೋಡದೆ ಬಿಟ್ಟದ್ದು ಕಡಿಮೆ.

ಜಗಳ ಶುರುವಾದದ್ದು ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೇ ಬಿಡಬೇಕೇ ಎಂದು ದೇಶವನ್ನೆಲ್ಲ ಓಟು ಹಾಕಿಸಿ ಕೇಳಿದ ವರ್ಷ. ಗಂಡ ತೀರಿಕೊಂಡ ಮೇಲೆ ಏವ್ರಿಲ್ ಪ್ರತಿ ಭಾನುವಾರ ಅಣ್ಣನನ್ನು ಊಟಕ್ಕೆ ಕರೆಯುತ್ತಿದ್ದಳು. ಅವನಿಗೆ ಮದುವೆಯಾಗಿರಲಿಲ್ಲ. ಹಾಲ್ಮ್ ಪಟ್ಟಣದ ಶಾಲೆಯಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದವಳು ಅವಳು. ಮಗಳು ಇಮೋಜೆನ್ ಬೆಲ್ಜಿಯಂನವನನ್ನು ಕಟ್ಟಿಕೊಂಡು ಗೆಂಟ್‌ನಲ್ಲಿದ್ದಾಳೆ. ರಾಯ್ಸ್ಟನ್ ಹುಟ್ಟಿದಾಗಿನಿಂದ ನಮ್ಮ ತಗ್ಗುನೆಲ ಬಿಟ್ಟು ಹೋದವನಲ್ಲ. ಹೊಲದ ನೀರನ್ನು ಕಾಲುವೆಗೆ, ಕಾಲುವೆಯದನ್ನು ಸಮುದ್ರಕ್ಕೆ ಎತ್ತಿ ಹಾಕುವ ಪಂಪುಮನೆಯಲ್ಲಿ ಅವನ ನೌಕರಿ. ಅವನ ಕಣ್ಣೆದುರಿಗೇ ಪಂಪುಮನೆಯ ಜನ ಹೋಗಿ ಕಂಪ್ಯೂಟರ್ ಬಂತು, ಬಸ್ಸು ನಿಂತಿತು, ಬ್ಯಾಂಕು ಮುಚ್ಚಿತು, ಹಾಲ್ಮ್‌ನ ಹೆರಿಗೆ ವಾರ್ಡು ಮುಚ್ಚಿತು.

ಆ ಓಟಿನ ಮರು ಭಾನುವಾರದ ಊಟಕ್ಕೆ ನಾನೂ ಇದ್ದೆ. ಹುರಿದ ಮಾಂಸ, ಆಲೂಗಡ್ಡೆ, ಮೇಲೆ ಸಾರು ಸುರಿದು ಕೊಟ್ಟಿದ್ದಳು.

"ನಿಜ ಹೇಳು ರಾಯ್ಸ್ಟನ್, ಯಾವುದಕ್ಕೆ ಗುರುತು ಹಾಕಿದೆ?" ಎಂದು ಏವ್ರಿಲ್ ಕೇಳಿದಳು.

"ಹೊರಗೆ."

"ನಿನ್ನ ಸೋದರ ಸೊಸೆ ಅಲ್ಲಿದಾಳೆ. ಅವಳ ಮಕ್ಕಳು ಅಲ್ಲಿದಾರೆ. ನೀನು ಏನು ಮಾಡಿದೀಯ ಅಂತ ನಿಂಗೆ ಗೊತ್ತೇ ಇಲ್ಲ."

ರಾಯ್ಸ್ಟನ್ ಚಾಕು ಕೆಳಗಿಟ್ಟ. "ಇದೇ ನೋಡು. ನಿಂಗೆ ಗೊತ್ತಿಲ್ಲ, ನಿಂಗೆ ಗೊತ್ತಿಲ್ಲ. ಚಿಕ್ಕಂದಿನಿಂದ ನಿನ್ನ ಬಾಯಲ್ಲಿ ಇದೇ. ನನ್ನ ಜೀವಮಾನದಲ್ಲಿ ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದಾರೆ ಅಂದ್ರೆ ಇದೊಂದೇ ಸಲ ಕಣೇ. ಕೇಳಿದ್ರು, ಹೇಳಿದೆ."

ಏವ್ರಿಲ್ ಎದ್ದು ಅವನ ತಟ್ಟೆ ತೆಗೆದುಕೊಂಡು ಹೋದಳು. ಅದರಲ್ಲಿ ಇನ್ನೂ ಎರಡು ಆಲೂಗಡ್ಡೆ ಇದ್ದವು. ಅವನು ಟೋಪಿ ಹಾಕಿಕೊಂಡು ಎದ್ದು ಹೋದ. ಇಷ್ಟೇ ನಡೆದದ್ದು. ಒಂದು ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ವಾರ ತಿಂಗಳಾಯಿತು, ಹಬ್ಬಗಳು ಬಂದು ಹೋದವು, ದೇಶ ಒಕ್ಕೂಟದಿಂದ ಹೊರಗೇ ಬಂತು. ಇವರಿಬ್ಬರು ಗೋಪುರದ ಮೆಟ್ಟಿಲನ್ನು ಒಬ್ಬರ ಹಿಂದೊಬ್ಬರು ಹತ್ತಿ ಇಳಿಯುತ್ತಲೇ ಇದ್ದರು.

ನಡುವೆ ಐದನೆಯ ಗಂಟೆಯ ಮುದುಕ ತೀರಿಕೊಂಡಾಗ ಆ ಹಗ್ಗ ಯುರ್ಗಿತಾಳ ಕೈಗೆ ಬಂತು. ಅದೇ ಯುರೋಪಿನ ಒಕ್ಕೂಟದ ಲಿಥುವೇನಿಯಾದವಳು, ಎಲೆಕೋಸು ತೊಳೆದು ಕಟ್ಟುವ ಶೆಡ್ಡಿನಲ್ಲಿ ಪಾಳಿ ಕೆಲಸ. ಗಂಡ ಲಾರಿ ಓಡಿಸುತ್ತಾನೆ. ಅವರು ಊರಿಗೆ ಬಂದು ಹದಿನೈದು ವರ್ಷದ ಮೇಲಾಗಿತ್ತು. ಒಂದು ದಿನ ಗೋಪುರದ ಬಾಗಿಲಲ್ಲಿ ನಿಂತು, "ಕಲೀಬಹುದಾ?" ಎಂದಳು. ಅವಳಿಗೆ ಕಲಿಸಿದವನು ರಾಯ್ಸ್ಟನ್. ಒಂದು ಚಳಿಗಾಲ ಪೂರ್ತಿ ಅವಳ ಕೈಯ ಮೇಲೆ ತನ್ನ ಕೈ ಇಟ್ಟು, ಹಗ್ಗ ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂದು ತೋರಿಸಿದ. ಹೊರಗೆ ಎಂದು ಓಟು ಹಾಕಿದವನೇ ಅವಳಿಗೆ ಕಲಿಸಿದನಲ್ಲ ಎಂದು ಕೇಳಿದವರುಂಟು. ರಾಯ್ಸ್ಟನ್‌ಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. "ಐದನೇದಕ್ಕೆ ಜನ ಬೇಕಿತ್ತು, ಬಂದ್ಲು" ಎನ್ನುತ್ತಿದ್ದ.

ಹೋದ ವರ್ಷದ ವಸಂತದಲ್ಲಿ, ಜಿಲ್ಲೆಯ ಆಡಳಿತ ನೋಡುವ ಕೌಂಟಿ ಕೌನ್ಸಿಲಿನ ಚುನಾವಣೆ ಬಂತು. ಆಗ ಲಾನ್ಸ್ ಪರ್ಡಿ ರಾಯ್ಸ್ಟನ್‌ನ ಮನೆಗೆ ಬಂದ. ಹಾಲ್ಮ್ ರಸ್ತೆಯಲ್ಲಿ ಕ್ಯಾರವಾನ್ ಎಂಬ ಮನೆಗಾಡಿ ಮಾರುವವನು, ಹೊಸ ಪಕ್ಷದ ಮುಂದಾಳು. ಆ ಪಕ್ಷದ ಸಭೆಗಳಲ್ಲಿ ಚಪ್ಪಾಳೆ ಜೋರು, ಬೈಗುಳ ಇನ್ನೂ ಜೋರು. ಹಳೆಯ ಎರಡೂ ಪಕ್ಷಗಳು ನಿಮ್ಮನ್ನು ಮಾರಿಕೊಂಡವು ಎಂದು ಶುರುಮಾಡಿದರೆ ಬೇಗನೇ ಮಾತು ಹೊರಗಿನವರ ಮೇಲೆ ತಿರುಗುತ್ತಿತ್ತು. ಪರ್ಡಿ ಮಾತ್ರ ಮನೆಗಳಿಗೆ ಬಂದಾಗ ಬಲು ಮೆತ್ತಗೆ ಮಾತಾಡುವವನು.

"ನಿಮ್ಮಂಥವರು ನಿಲ್ಬೇಕು ಡೌಸ್ ಅವರೇ. ಹೂಳು ತುಂಬಿದ ಕಾಲುವೆ ಬಗ್ಗೆ ಲಂಡನ್ನಿನವರು ಕೇಳ್ತಾರಾ? ನಿಮ್ಮ ಮಾತಿಗೆ ಊರಲ್ಲಿ ತೂಕ ಇದೆ" ಎಂದನಂತೆ.

ರಾಯ್ಸ್ಟನ್ ಒಪ್ಪಿಕೊಂಡ. ನಾನು ಅಂಗಡಿಯಲ್ಲಿ ಅವನನ್ನು ತಡೆದು ಕೇಳಿದೆ, "ಅವರು ಸಭೆಯಲ್ಲಿ ಏನೇನು ಕೂಗ್ತಾರೆ ಗೊತ್ತಿದೆ ತಾನೇ?"

"ಕೂಗೋವ್ರು ಕೂಗ್ಲಿ ಪ್ರೂ. ನಾನು ಕಾಲುವೆ ವಿಷ್ಯ ಮಾತಾಡ್ತೀನಿ."

"ಅವರ ಗಾಡಿ ಹತ್ತಿದ ಮೇಲೆ ಅವರ ಹಾದಿ ಕಣೋ."

"ಬೇರೆ ಯಾವ ಗಾಡಿ ನಮ್ಮೂರಿಗೆ ಬಂತು ಹೇಳು, ಹತ್ತೋಣ" ಎಂದ. ನಾನು ಚಿಲ್ಲರೆ ಎಣಿಸಿ ಕೊಟ್ಟೆ.

ಕರಪತ್ರ ಬಂದದ್ದು ಏಪ್ರಿಲ್ ಮೊದಲ ವಾರ. ಮನೆಮನೆಗೂ ಹಾಕಿ, ಉಳಿದ ಕಟ್ಟನ್ನು ನನ್ನ ಅಂಗಡಿಯ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಮೇಲೆ ದಪ್ಪಕ್ಷರದಲ್ಲಿ "ನಮ್ಮ ಊರು, ನಮ್ಮ ಗಂಟೆ, ನಮ್ಮ ಜನ." ಕೆಳಗೆ ನಮ್ಮದೇ ಚಿತ್ರ. ಚರ್ಚಿನ ಪತ್ರಿಕೆಗೆಂದು ಪಾದ್ರಿಯವರು ಗೋಪುರದ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ತೆಗೆದದ್ದು. ಯಾರನ್ನೂ ಕೇಳದೆ ಎತ್ತಿಕೊಂಡಿದ್ದರು. ಹೊಸ ಪಕ್ಷದ ಹೆಸರು ಕೇಳಿದರೆ ಕಿಟಕಿ ಮುಚ್ಚುವ ಏವ್ರಿಲ್ ಅದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದಳು. ನಾನಿದ್ದೆ. ಎರಡನೆಯ, ನಾಲ್ಕನೆಯ ಹಗ್ಗದ ನೀಡಮ್ ಅಣ್ಣತಮ್ಮಂದಿರಿದ್ದರು. ರಾಯ್ಸ್ಟನ್ ಇದ್ದ. ಯುರ್ಗಿತಾ ಇರಲಿಲ್ಲ. ಕೊನೆಯಲ್ಲಿ ನಿಂತಿದ್ದ ಅವಳನ್ನು ಕತ್ತರಿಸಿ ತೆಗೆದಿದ್ದರು. ರಾಯ್ಸ್ಟನ್‌ನ ತೋಳಿನ ಮೇಲೆ ಅವಳ ಕೈ ಮಾತ್ರ ಉಳಿದಿತ್ತು, ಯಾರದೋ ಎಂಬಂತೆ.

ಪ್ರತಿ ಮಂಗಳವಾರ ಸಂಜೆ ನಡೆಯುವ ಗಂಟೆಯ ಅಭ್ಯಾಸಕ್ಕೆ ಆ ವಾರ ಯುರ್ಗಿತಾ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಐದು ಗಂಟೆಗಳನ್ನು ಹೊಡೆದು ಕೆಳಗಿಳಿಯುವಾಗ ರಾಯ್ಸ್ಟನ್, "ಅವಳಿಗೆ ಮೈ ಹುಷಾರಿಲ್ವಾ?" ಎಂದು ಕೇಳಿದ. ಏವ್ರಿಲ್ ಸರಕ್ಕನೆ ಇಳಿದು ಹೋದಳು. ಆಗ ನನಗೆ ಹೊಳೆಯಿತು, ಇವನು ಆ ಚಿತ್ರ ನೋಡೇ ಇಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಕಾರು ಬಿಡುವುದನ್ನು ನಿಲ್ಲಿಸಿ, ಶಸ್ತ್ರಚಿಕಿತ್ಸೆಗೆ ಸರದಿ ಕಾಯುತ್ತಿದ್ದ. ಹಗ್ಗದ ಮೇಲೆ ಓಡುವ ಕೈ ಅವನಿಗೆ ಕಾಣುತ್ತಿತ್ತು, ಕಾಗದದ ಮೇಲಿನದು ಕಾಣುತ್ತಿರಲಿಲ್ಲ. ಪರ್ಡಿ ಅದನ್ನು ಮುಂದೆ ಹಿಡಿದು "ಚೆನ್ನಾಗಿದೆ ಅಲ್ವಾ?" ಎಂದದ್ದಕ್ಕೆ ಇವನು "ಚೆನ್ನಾಗಿದೆ" ಎಂದಿದ್ದ.

ಮಾರನೆಯ ದಿನ ಅಂಗಡಿಗೆ ಬಂದಾಗ ಅಂಚೆಚೀಟಿ ನೋಡುವ ಭೂತಕನ್ನಡಿಯನ್ನೂ ಕರಪತ್ರವನ್ನೂ ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದ.

"ಈ ಕೈ ಯಾರ್ದು?"

"ನೀನೇ ಹೇಳು."

ಅವನು ಕನ್ನಡಿ ಕೆಳಗಿಟ್ಟ. ನನ್ನ ಫೋನು ಕೇಳಿ ಇಸಿದುಕೊಂಡು ಪರ್ಡಿಗೆ ಹಚ್ಚಿದ. ಅವನಿಗೆ ಕಿವಿಯೂ ಸ್ವಲ್ಪ ಮಂದ, ಫೋನಿನ ದನಿ ಜೋರು ಮಾಡಿಕೊಂಡಿದ್ದರಿಂದ ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಯುರ್ಗಿತಾನ ಯಾಕೆ ಕತ್ತರಿಸಿದ್ರಿ?"

"ಯಾರು? ಓ, ಆಕೆನಾ. ಜಾಗ ಸಾಲ್ಲಿಲ್ಲ ಡೌಸ್ ಅವರೇ. ಅಂಚಿಗೆ ಹೊಂದಿಸ್ಬೇಕಿತ್ತು."

"ಜಾಗಕ್ಕೆ ನನ್ನ ತೆಗೀಬೋದಿತ್ತಲ್ಲ? ನಾನೂ ಅವಳ ಪಕ್ಕದಲ್ಲೇ ನಿಂತಿದ್ದೆ."

ಆ ಕಡೆ ನಗು ಕೇಳಿಸಿತು. "ಅಭ್ಯರ್ಥಿನೇ ನೀವು ಸ್ವಾಮಿ! ನೋಡಿ, ಜನಕ್ಕೆ ಏನು ನೋಡ್ಬೇಕು ಅನ್ಸುತ್ತೋ ಅದನ್ನ ತೋರಿಸ್ಬೇಕು. ಇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ. ನೀವು ಗೆದ್ದಾಯ್ತು ಅಂತಲೇ ತಿಳ್ಕೊಳ್ಳಿ."

"ನನ್ನ ಹೆಸರು ತೆಗೀರಿ."

"ಆಗಲ್ಲ. ಗಡುವು ಮುಗೀತು. ಮತಪತ್ರ ಅಚ್ಚಾಗ್ತಿದೆ."

ಅಲ್ಲಿಂದ ರಾಯ್ಸ್ಟನ್ ನೇರ ಯುರ್ಗಿತಾಳ ಮನೆಗೆ ನಡೆದು ಹೋದ. ಅಲ್ಲಿ ಆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಪಾಳಿ ಮುಗಿಸಿ ಬಂದು ಒದ್ದೆ ಬೂಟು ಬಿಚ್ಚುತ್ತಿದ್ದಳಂತೆ. ಅವನು ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲ ಆಚೆಯೇ ನಿಂತ. ನೋಡದೆ ಒಪ್ಪಿಕೊಂಡೆ, ತಪ್ಪಾಯಿತು ಎಂದ.

"ನೀವು ಬೇಕಂತ ಮಾಡಿಲ್ಲ, ಅದು ನಂಗೆ ಗೊತ್ತು ಮಿಸ್ಟರ್ ಡೌಸ್" ಎಂದು ಇವಳು ಹೇಳಿದಳಂತೆ. "ಆದ್ರೆ ಅವರು ಎಂಥವರು ಅಂತ ನಿಮಗೂ ಗೊತ್ತಿತ್ತು. ಚಿತ್ರ ಕಾಣ್ಲಿಲ್ಲ, ಸರಿ. ಅವರು ಹೇಳೋದು ಕಿವಿಗೆ ಬೀಳ್ತಿತ್ತಲ್ಲ."

ಅವನು ಅದನ್ನೂ ಒಪ್ಪಿಕೊಂಡ. "ಭಾನುವಾರ ಬರ್ತೀಯಾ?" ಎಂದು ಮಾತ್ರ ಕೇಳಿದ.

"ಇಲ್ಲ. ಸದ್ಯಕ್ಕೆ ಇಲ್ಲ. ಕೋಪಕ್ಕಲ್ಲ. ಆ ಹಗ್ಗ ಹಿಡಿಯೋವಾಗ ಎಲ್ಲರ ಮುಖ ನೋಡ್ಬೇಕು. ಈಗ ನೋಡೋಕೆ ಆಗಲ್ಲ."

ಎರಡು ದಿನ ರಾಯ್ಸ್ಟನ್ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೂರ್ವದ ಗಾಳಿ ಬೀಸುತ್ತಿದ್ದಾಗ ಹಳೆಯ ಕೋಟು ತೊಟ್ಟು ಕಾಲುವೆ ದಂಡೆಯ ಮೇಲೆ ನಡೆದು ಹೊರಟ. ಎಲ್ಲಿಗೆ ಎಂದು ನಾನು ಕೇಳಿದರೆ, "ಮನೆಮನೆಗೆ. ನಂಗೆ ಓಟು ಹಾಕ್ಬೇಡಿ ಅಂತ ಹೇಳೋಕೆ" ಎಂದ. ನಮ್ಮ ಕ್ಷೇತ್ರದ ಮನೆಗಳು ಒತ್ತಾಗಿಲ್ಲ. ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಮೈಲಿ ದಾರಿ, ಮಧ್ಯೆ ಗಾಳಿ ತಡೆಯಲು ಒಂದು ಮರವಿಲ್ಲ. ಎಪ್ಪತ್ತು ದಾಟಿದ, ಕಣ್ಣು ಮಂಜಾದ ಮನುಷ್ಯ.

ನಾನು ಏವ್ರಿಲ್‌ಗೆ ಫೋನು ಮಾಡಿ ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಂಗಡಿ ಮುಚ್ಚು" ಎಂದಳು.

"ಯಾಕೆ?"

"ಯಾಕೆ ಅಂದ್ರೆ? ನೀನೂ ಕಾರಲ್ಲಿ ಇರ್ಬೇಕು. ಅವನ ಜೊತೆ ಒಬ್ಬಳೇ ಕೂತ್ರೆ ನಾನು ಏನಂತ ಮಾತಾಡ್ಲಿ?"

ಹಾಗೆ ನಾನು ಹಿಂದಿನ ಸೀಟಿನಲ್ಲಿ ಕೂತೆ. ಕ್ಲೇಗೇಟ್ ಸೇತುವೆಯ ಹತ್ತಿರ ಅವನು ಸಿಕ್ಕಿದ. ಏವ್ರಿಲ್ ಕಾರು ನಿಲ್ಲಿಸಿ ಗಾಜು ಇಳಿಸಿದಳು.

"ಹತ್ತು" ಎಂದಳು.

ಅವನು ಬಗ್ಗಿ ನೋಡಿದ. ಯಾರೆಂದು ಗೊತ್ತಾಯಿತು. "ಕಾಲು ಕೆಸರಾಗಿದೆ" ಎಂದ.

"ಆಗ್ಲಿ, ಹತ್ತು."

ಹತ್ತಿದ. ಅರ್ಧ ಮೈಲಿ ಸಾಗಿದೆವು. ಆಮೇಲೆ ಅವನೇ, "ಕ್ಲಚ್ಚು ಸವೆಸ್ತಿದೀಯ" ಎಂದ. "ಕಣ್ಣು ಕಾಣದವನು ಸುಮ್ನೆ ಕೂತ್ಕೋ" ಎಂದಳು ಅವಳು. ನಾನು ಕಿಟಕಿಯಾಚೆ ಮುಖ ಮಾಡಿ ನಕ್ಕೆ.

ಎಂಟು ಹತ್ತು ದಿನ ಹೀಗೇ ತಿರುಗಿದೆವು. ಹೊಸ ಪಕ್ಷದ ಅಭ್ಯರ್ಥಿ ತನ್ನನ್ನು ಸೋಲಿಸಿ ಎಂದು ಕೇಳಲು ಹೋಗುವುದು, ಆ ಪಕ್ಷವನ್ನು ಕಂಡರಾಗದ ತಂಗಿ ಕಾರು ಓಡಿಸುವುದು. ದಾರಿಗೆ ಏವ್ರಿಲ್ ಒಣದ್ರಾಕ್ಷಿ ಬ್ರೆಡ್ಡು, ಚೀಸು, ಫ್ಲಾಸ್ಕಿನಲ್ಲಿ ಚಹ ತರುತ್ತಿದ್ದಳು. ರಾಯ್ಸ್ಟನ್ ಬಾಗಿಲು ತಟ್ಟಿ, ಟೋಪಿ ತೆಗೆದು, ಎಲ್ಲ ಕಡೆಯೂ ಒಂದೇ ಮಾತು ಹೇಳುತ್ತಿದ್ದ: "ನಮ್ಮ ಗಂಟೆ ಹೊಡೆಯೋವಳೊಬ್ಬಳನ್ನ ಚಿತ್ರದಿಂದ ಕತ್ತರಿಸಿದಾರೆ. ನಾನು ನೋಡದೇ ಒಪ್ಪಿದೆ. ನನ್ನ ಹೆಸರಿನ ಮುಂದೆ ಗುರುತು ಹಾಕ್ಬೇಡಿ."

ವಿಧವೆ ಮಿಸೆಸ್ ಕಪಲ್ಡಿಚ್ ಅವನನ್ನು ಒಳಗೆ ಕರೆದು ಕೂರಿಸಿದಳು. "ಐವತ್ತು ವರ್ಷದಿಂದ ಓಟು ಹಾಕ್ತಿದೀನಿ. ಎಲ್ಲಾರೂ ಬಂದು ನಾನೇ ಒಳ್ಳೇವನು ಅಂತಾರೆ. ತಪ್ಪು ಮಾಡ್ದೆ ಅಂತ ಬಂದೋನು ನೀನೊಬ್ನೇ. ನಿಂಗೇ ಹಾಕೋದು ನಾನು."

"ಅಯ್ಯೋ, ಬೇಡ ಅಂತಿದೀನಲ್ಲ!"

"ನನ್ನ ಓಟು, ನನ್ನಿಷ್ಟ. ಬಿಸ್ಕತ್ತು ತಗೋ."

ಹೆಚ್ಚಿನ ಕಡೆ ಇದೇ ಕತೆ. ಎಲ್ಲ ಕಡೆಯೂ ಅಲ್ಲ. ಹಂದಿ ಸಾಕುವ ಟ್ಯಾಲ್ಬಟ್ ಎಂಬವನು ಬೇಲಿಯ ಮೇಲೆ ಒರಗಿ ನಿಂತು, "ಕತ್ತರಿಸಿದ್ದು ಸರಿಯಾಗೇ ಇದೆ. ಅವಳೇನು ನಮ್ಮೋಳಾ?" ಎಂದ. ಕಾರಿನಲ್ಲಿದ್ದ ನಮಗೂ ಕೇಳಿಸಿತು. ಏವ್ರಿಲ್ ಬಾಗಿಲಿನ ಹಿಡಿಗೆ ಕೈಹಾಕಿದಳು. ನಾನು ಹಿಂದಿನಿಂದ ಅವಳ ಭುಜ ಹಿಡಿದೆ.

ರಾಯ್ಸ್ಟನ್ ದನಿ ಎತ್ತಲಿಲ್ಲ. "ಅವಳು ಐದನೇದು ಹೊಡೀತಾಳೆ ಟ್ಯಾಲ್ಬಟ್. ನಿಮ್ಮಪ್ಪನ ಮಣ್ಣಿಗೂ ಹೊಡೆದ್ಲು, ಅವತ್ತು ಪಾಳಿ ಬಿಟ್ಟು ಬಂದಿದ್ಲು. ನೀನು ಯಾವುದು ಹೊಡೀತೀಯ?"

ಟ್ಯಾಲ್ಬಟ್ ಉಗುಳಿ ಒಳಗೆ ಹೋದ. ಅವನ ಮನಸ್ಸೇನೂ ಬದಲಾಗಲಿಲ್ಲ, ಈಗಲೂ ಹಾಗೇ ಮಾತಾಡುತ್ತಾನೆ. ರಾಯ್ಸ್ಟನ್ ಬಂದು ಕಾರಿನಲ್ಲಿ ಕೂತ. ಏವ್ರಿಲ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹ ಸುರಿದು ಅವನ ಕೈಗೆ ಕೊಟ್ಟಳು. ಅವನು ಕುಡಿಯುವ ತನಕ ಕಾರು ಹೊರಡಿಸಲಿಲ್ಲ.

ಎಣಿಕೆ ಹಾಲ್ಮ್‌ನ ಕ್ರೀಡಾಭವನದಲ್ಲಿ ನಡೆಯಿತು. ರಾಯ್ಸ್ಟನ್ ಗೆದ್ದ. ಹೊಸ ಪಕ್ಷವೇ ಎಲ್ಲ ಕಡೆ ಗೆಲ್ಲುತ್ತಿತ್ತು. ಇವನಿಗೆ ಬಂದ ಓಟಿನಲ್ಲಿ ಪಕ್ಷಕ್ಕೆ ಬಿದ್ದದ್ದೆಷ್ಟು, ಬೇಡವೆಂದ ಮುದುಕನಿಗೆ ಬಿದ್ದದ್ದೆಷ್ಟು, ದೇವರಿಗೇ ಗೊತ್ತು. ಪರ್ಡಿ ಓಡಿ ಬಂದು ಕ್ಯಾಮೆರಾಗಳ ಮುಂದೆ ಅವನ ಹೆಗಲ ಮೇಲೆ ಕೈ ಹಾಕಿದ. ರಾಯ್ಸ್ಟನ್ ಆ ಕೈಯನ್ನು ನಿಧಾನಕ್ಕೆ ಎತ್ತಿ ಪಕ್ಕಕ್ಕಿಟ್ಟ, ತನಗೆ ಸೇರದ ವಸ್ತು ಎಂಬಂತೆ. ಆಮೇಲೆ ಮೈಕಿನ ಮುಂದೆ ಹೋಗಿ, "ಬೇಡ ಅಂದೆ, ನೀವು ಕೇಳ್ಲಿಲ್ಲ. ಆಗ್ಲಿ. ನಿಮ್ಮ ಕೆಲಸ ಮಾಡ್ತೀನಿ. ಇವರ ಪಕ್ಷದ ಬೆಂಚಲ್ಲಿ ಕೂರಲ್ಲ" ಎಂದ. ಅಷ್ಟೇ ಅವನ ಭಾಷಣ. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು, ಪಕ್ಷದ ಹೆಸರಲ್ಲಿ ಗೆದ್ದು ಪಕ್ಷಕ್ಕೆ ದ್ರೋಹ ಮಾಡಿದ ಎಂದು ಕೂಗಿದರು. ಅವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಅದು ಅವನಿಗೂ ಗೊತ್ತಿತ್ತು.

ವಾಪಸು ಬರುವಾಗ ಸಮುದ್ರದ ಕಡೆಯಿಂದ ಸುತ್ತಿ ಬಂದು, ಮೀನು ಮತ್ತು ಆಲೂಗಡ್ಡೆ ಕರಿದದ್ದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು. ಸಂಜೆಯ ಬಿಸಿಲಿತ್ತು. ಏವ್ರಿಲ್ ಎಣ್ಣೆಯ ಬೆರಳು ಒರೆಸಿಕೊಳ್ಳುತ್ತ ಕೇಳಿದಳು, "ಇವತ್ತೇ ಮತ್ತೆ ಕೇಳಿದ್ರು ಅಂತ ಇಟ್ಕೋ. ಒಳಗೋ, ಹೊರಗೋ?"

ನಾನು ಬಾಯಿಗಿಡಲು ಎತ್ತಿದ ಮೀನನ್ನು ಮತ್ತೆ ಕಾಗದದ ಮೇಲಿಟ್ಟೆ.

"ಹೊರಗೆ" ಎಂದ ರಾಯ್ಸ್ಟನ್.

"ಕತ್ತೆ."

"ಇರ್ಬೋದು."

"ಇಮೋಜೆನ್ ಪ್ರತಿ ಸಲ ಬರೋವಾಗ್ಲೂ ಪಾಸ್‌ಪೋರ್ಟಿನ ಆ ಸಾಲಲ್ಲಿ ನಿಂತ್ಕೋತಾಳೆ, ಚಿಕ್ಕವನ್ನ ಎತ್ಕೊಂಡು."

"ಅದು ನಂಗೆ ಬೇಜಾರೇ ಏವ್ರಿಲ್. ಅದು ಹೀಗಾಗ್ಲಿ ಅಂತ ನಾನು ಹಾಕ್ಲಿಲ್ಲ."

"ಹಾಕಿದ್ಕೇ ಆಗಿದ್ದು."

"ಹೂಂ" ಎಂದ ಅವನು. "ಬಸ್ಸೂ ಬರ್ಲಿಲ್ಲ, ಬ್ಯಾಂಕೂ ಬರ್ಲಿಲ್ಲ. ಅದೂ ನಿಜ."

ಏವ್ರಿಲ್ ತನ್ನಲ್ಲಿ ಉಳಿದ ಆಲೂಗಡ್ಡೆಯನ್ನು ಅವನ ಕಾಗದಕ್ಕೆ ಸರಿಸಿದಳು. ನೋಡಿದೆಯಾ, ನಾನು ಹೇಳಿರಲಿಲ್ಲವೇ ಎನ್ನಬಹುದಿತ್ತು. ಎನ್ನಲಿಲ್ಲ. 

ಜೂನ್ ಕೊನೆಯ ಒಂದು ಮಂಗಳವಾರ ಯುರ್ಗಿತಾ ಗೋಪುರಕ್ಕೆ ಬಂದಳು. ಪಾಳಿ ಬದಲಾಯಿತು, ಅದಕ್ಕೆ ಬಂದೆ ಎಂದಳು. ಯಾರೂ ಹೆಚ್ಚು ಕೇಳಲಿಲ್ಲ. ತನ್ನ ಹಗ್ಗದ ಹತ್ತಿರ ನಿಂತು ಕೈಗೆ ಉಗುಳು ಹಚ್ಚಿಕೊಳ್ಳುತ್ತ ರಾಯ್ಸ್ಟನ್ ಕಡೆ ತಿರುಗಿದಳು.

"ನಂಗೂ ಓಟಿದೆ ಮಿಸ್ಟರ್ ಡೌಸ್, ಕೌನ್ಸಿಲಿಗೆ. ದೇಶ ಒಕ್ಕೂಟ ಬಿಡೋಕೆ ಮೊದಲಿಂದ ಇಲ್ಲಿರೋವ್ರಿಗೆ ಇದೆ. ಹೋಗಿ ಹಾಕ್ದೆ."

"ಹಾಕಿದ್ಯಾ?"

"ಯಾರಿಗೆ ಅಂತ ಹೇಳಲ್ಲ."

"ಕೇಳೋದೂ ಇಲ್ಲ" ಎಂದ ಅವನು.

ಆ ಸಂಜೆ ನಾವು ಹೊಡೆದದ್ದು ಬಹಳ ಕೆಟ್ಟದಾಗಿತ್ತು. ಅವಳ ಕೈಗೆ ರೂಢಿ ತಪ್ಪಿತ್ತು, ಎರಡು ಸಲ ಹಗ್ಗ ಬಿಟ್ಟಳು. ನಾನೂ ತಪ್ಪಿದೆ. ಪಾದ್ರಿಯವರು ಕೆಳಗಿನಿಂದ, "ಮೇಲೆ ಎಲ್ಲ ಕ್ಷೇಮ ತಾನೇ?" ಎಂದು ಕೂಗಿದರು.

ಕೌನ್ಸಿಲಿನಲ್ಲಿ ರಾಯ್ಸ್ಟನ್ ಈಗ ಒಂಟಿ ಕುರ್ಚಿಯಲ್ಲಿ ಕೂರುತ್ತಾನೆ. ಅವನ ಮಾತನ್ನು ಯಾವ ಬದಿಯವರೂ ಅಷ್ಟಾಗಿ ಕೇಳುವುದಿಲ್ಲ. ಸಭೆ ಇರುವ ದಿನ ಏವ್ರಿಲ್ ಅವನನ್ನು ಕರೆದುಕೊಂಡು ಹೋಗಿ, ಸಾರ್ವಜನಿಕರ ಸಾಲಿನಲ್ಲಿ ಉಣ್ಣೆ ಹೆಣೆಯುತ್ತ ಕೂತು, ಬರುವಾಗ ದಾರಿಯುದ್ದಕ್ಕೂ ಅವನು ಎಲ್ಲೆಲ್ಲಿ ತಪ್ಪು ಮಾತಾಡಿದ ಎಂದು ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ, ಕೆಲವನ್ನು ಒಪ್ಪುತ್ತಾನೆ, ಹೆಚ್ಚಿನದನ್ನು ಒಪ್ಪುವುದಿಲ್ಲ.